ಅಸ್ನಾಕು ಕೊರಳಿನ ಚಿಮಟಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೆವಾಬೆಚ್ ಅಮ್ಮನ ಮನೆಯಲ್ಲಿ ಒಲೆ ಆಗಷ್ಟೇ ಹತ್ತಿಕೊಂಡಿದೆ. ಹುಲ್ಲಿನ ಮಾಡಿನ ಸಂದಿಯಿಂದ ಹೊಗೆ ಸೋರುತ್ತಿದೆ. ಅಸ್ನಾಕು ಬಾಗಿಲಲ್ಲಿ ನಿಂತು ಸಣ್ಣಗೆ ಕೆಮ್ಮುತ್ತಾಳೆ. ಅವಳು ಮೊದಲು ನೋಡುವುದು ಮನೆಯೊಡತಿಯ ಮುಖವನ್ನಲ್ಲ, ಕೊರಳನ್ನು. ಅಲ್ಲಿ ಶಿಲುಬೆಯ ಪಕ್ಕದಲ್ಲಿ, ಕಪ್ಪು ದಾರದಲ್ಲಿ, ಪುಟ್ಟ ಚಿಮಟವೊಂದು ತೂಗುತ್ತಿದೆ. ಕಾಲಿಗೆ ಹೊಕ್ಕ ಮುಳ್ಳು ಕೀಳುವುದಕ್ಕೆಂದು ನಮ್ಮ ಗೊಜ್ಜಾಮ್ ಸೀಮೆಯ ಗುಡ್ಡಗಳ ಹೆಂಗಸರು ಕಟ್ಟಿಕೊಳ್ಳುವಂಥದ್ದೇ. ಆದರೆ ಇದರ ತುದಿ ಫಳಫಳ ಹೊಳೆಯುತ್ತಿದೆ.

"ಮುಳ್ಳು ಕೀಳೋ ಚಿಮಟ ಹೊಳೆಯಲ್ಲ, ಮಣ್ಣು ಹಿಡಿದಿರತ್ತೆ," ಎಂದು ದಾರಿಯಲ್ಲೇ ಅವಳು, ಅವಳ ಕೆಲಸ ನೋಡಲು ಜೊತೆಗೆ ಹೊರಟ ನನಗೆ ಹೇಳಿದ್ದಳು. "ರೆಪ್ಪೆಗೂದಲು ಕೀಳೋದೇ ಹೊಳೆಯೋದು."

ಅಸ್ನಾಕುವಿಗೆ ನಲವತ್ತೈದರ ಆಸುಪಾಸು. ಸುತ್ತಲಿನ ಮನೆಗಳಿಗೆ ಹೋಗಿ, ಕಣ್ಣು ಕೆಟ್ಟವರನ್ನು ಹುಡುಕಿ, ಆರೋಗ್ಯ ಕೇಂದ್ರದ ಕಡೆಗೆ ಹೊರಡಿಸುವುದು ಅವಳ ಕೆಲಸ. ಹುಡುಕುವುದು ಸುಲಭವಲ್ಲ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಕಣ್ಣು ಕೆಂಪಾಗಿ ಗೀಜು ಕಟ್ಟಿದವರಿಗೆ ವಯಸ್ಸಾದ ಮೇಲೆ ರೆಪ್ಪೆ ಒಳಮುಖವಾಗಿ ಮಡಚಿಕೊಳ್ಳುತ್ತದೆ. ಕೂದಲು ಕರಿಗುಡ್ಡೆಯನ್ನು ಉಜ್ಜುತ್ತದೆ. ಹೆಂಗಸರು ಆ ಕೂದಲನ್ನು ಕಿತ್ತು ಹಾಕುತ್ತಾರೆ. ನೋಡಿದವರಿಗೆ ಕಣ್ಣು ಚೆನ್ನಾಗಿಯೇ ಇರುವಂತೆ ಕಾಣುತ್ತದೆ.

"ಒಂದು ಕಾಲದಲ್ಲಿ ಊರಿಗೆಲ್ಲಾ ನಾನೇ ಕೀಳ್ತಿದ್ದೆ," ಎನ್ನುತ್ತಾಳೆ ಅಸ್ನಾಕು. "ಅಸ್ನಾಕು ಕಣ್ಣು ಚೂಪು ಅಂತ ಹೆಸರು. ಕಿತ್ತ ತಕ್ಷಣ ಅವರಿಗೆ ಹಾಯ್ ಅನ್ಸೋದು. ಆದ್ರೆ ಕೂದಲು ಮತ್ತೆ ಬರೋದು, ಗಿಡ್ಡಗೆ, ಮೊಳೆ ಥರ. ನನ್ನ ರೆಪ್ಪೇನೇ ತಿರುಗಿದಾಗ ಗೊತ್ತಾಯ್ತು." ಆರೋಗ್ಯ ಕೇಂದ್ರದಲ್ಲಿ ಅವಳ ರೆಪ್ಪೆಯನ್ನು ಕೊಯ್ದು ಹೊರಮುಖ ಮಾಡಿದ್ದಾರೆ. ಅಂದಿನಿಂದ ಅವಳು ಕೀಳುವುದನ್ನು ಬಿಟ್ಟಿದ್ದಾಳೆ.

ನಾಳೆ ಶಸ್ತ್ರಚಿಕಿತ್ಸೆಯ ತಂಡ ಬರುತ್ತದೆ. ಮತ್ತೆ ಬರುವುದು ಮಳೆಗಾಲ ಮುಗಿದ ಮೇಲೆಯೇ. ಕಳೆದ ಸಲ ತೆವಾಬೆಚ್ ಅಮ್ಮ ಕೂದಲೆಲ್ಲ ಕೀಳಿಸಿಕೊಂಡು ಹೋಗಿ, ಏನೂ ಇಲ್ಲ ಎನಿಸಿಕೊಂಡು ಹಿಗ್ಗುತ್ತಾ ಬಂದಿದ್ದರು. ಈಗ ಅವರ ಬಲಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಮಂಜಿನಂಥ ಬಿಳುಪು ಕಾಣಿಸಿಕೊಂಡಿದೆ. ಇನ್ನೊಂದು ಮಳೆಗಾಲ ಉಜ್ಜಿದರೆ ಅದು ನಡುವಿಗೆ ಬರಬಹುದು.

ಕಾಫಿ ಹುರಿಯುವ ವಾಸನೆ ಏಳುತ್ತದೆ. ತೆವಾಬೆಚ್ ಅಮ್ಮ ಹೊದಿಕೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

"ಹೊಗೆ ಕಣೇ."

"ಒಂದೇ ಕಣ್ಣಿಗೆ ಹೋಗತ್ತಾ ಅಮ್ಮ ಹೊಗೆ? ಬಲಗಣ್ಣಿಗೇನು ನೆಂಟನಾ?"

ಸೊಸೆ ಫೆಂತಾಯೆ ಬಾಣಲೆ ಅಲ್ಲಾಡಿಸುತ್ತಲೇ ಹೇಳುತ್ತಾಳೆ: "ಒಲೆ ಆರಿದ ಮೇಲೂ ನೀರು ಸುರಿಯತ್ತೆ ಅಕ್ಕ. ಬೆಳಕು ತಡೀದೆ ಬಾಗಿಲಿಗೆ ಬೆನ್ನು ಹಾಕ್ಕೊಂಡೇ ಕೂರ್ತಾರೆ. ಮೊನ್ನೆ ಬೇಳೆ ಆರಿಸಿ ಕೊಟ್ರು, ಕಲ್ಲೆಲ್ಲಾ ಅದರಲ್ಲೇ ಇತ್ತು."

"ನಿನ್ನ ಹಲ್ಲೇನು ಮುರೀಲಿಲ್ವಲ್ಲ."

"ನಿಮ್ಮ ಮಗನ ಹಲ್ಲು ಅಲ್ಲಾಡ್ತಿದೆ ಅತ್ತೆ."

ಅಸ್ನಾಕು ನಗುತ್ತಾಳೆ, ನಂತರ ಮೆಲ್ಲಗೆ ಕೇಳುತ್ತಾಳೆ: "ಇವತ್ತು ಕೀಳಿಸ್ಕೊಳ್ಳೋ ಯೋಚನೆ ಇದ್ಯಾ?"

"ಬಿಸಿಲು ಬರ್ಲಿ, ಇವಳು ಕೀಳ್ತಾಳೆ. ನಾಳೆ ಅಷ್ಟು ಜನರ ಮುಂದೆ ಕಣ್ಣು ಬಿಡಬೇಕು. ತಲೆ ಬಾಚದೆ ಚರ್ಚಿಗೆ ಹೋಗ್ತೀವಾ?"

ಅಸ್ನಾಕು ಬೆಳಗಿನ ಜಾವವೇ ಮನೆ ಮನೆಗೆ ಹೋಗುವುದು ಇದಕ್ಕೇ. ಕೀಳುವುದಕ್ಕೆ ಬಿಸಿಲು ಬೇಕು. ಅವಳು ಬಿಸಿಲಿಗಿಂತ ಮುಂಚೆ ತಲುಪಬೇಕು.

ಮೊದಲ ಬಟ್ಟಲು ಮುಗಿಯುತ್ತದೆ, ಎರಡನೆಯದೂ. ಮೂರನೆಯದು ಹರಸುವ ಬಟ್ಟಲು; ಬಂದವರು ಅದನ್ನು ಕುಡಿಯದೆ ಎದ್ದರೆ ಮನೆಗೆ ಒಳ್ಳೆಯದಲ್ಲ. ಅಸ್ನಾಕು ಅದನ್ನು ಮುಟ್ಟದೆ ಕೂತಿದ್ದಾಳೆ.

"ಆರಿ ಹೋಗತ್ತೆ, ಕುಡಿ."

"ಚಿಮಟ ಕೊಡಿ, ಕುಡೀತೀನಿ."

"ಬೋಳು ಕೊರಳಲ್ಲಿ ಇರ್ಲಾ ನಾನು?"

"ಶಿಲುಬೆ ಇದ್ಯಲ್ಲ ಅಮ್ಮ. ನಾಳೆ ಒಂದಿನ ಕೂದಲು ಇದ್ದಂಗೇ ತೋರ್ಸಿ."

"ಚುಚ್ಚತ್ತೆ ಕಣೇ. ಮರಳು ಹಾಕಿದಂಗೆ."

"ಗೊತ್ತು. ನಂಗೂ ಚುಚ್ಚಿದೆ."

ಫೆಂತಾಯೆ ಕಾಫಿ ಪಾತ್ರೆ ಕೆಳಗಿಡುತ್ತಾಳೆ. ತೆವಾಬೆಚ್ ಅಮ್ಮ ಬಟ್ಟಲನ್ನೊಮ್ಮೆ, ಅಸ್ನಾಕುವಿನ ಕೈಯನ್ನೊಮ್ಮೆ ನೋಡುತ್ತಾರೆ. ಆಮೇಲೆ ದಾರ ಬಿಚ್ಚುತ್ತಾರೆ. ಅಸ್ನಾಕು ಅದನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಯುತ್ತಾಳೆ. ಹೊದಿಕೆ ಸರಿದಾಗ ಕಾಣುತ್ತದೆ: ಅಲ್ಲಿ ಆಗಲೇ ಬೇರೆ ಬೇರೆ ಮನೆಯ ಚಿಮಟಗಳಿವೆ. ನಡೆದರೆ ಕಿಣಿಕಿಣಿ ಎನ್ನುತ್ತವೆ. ಬಾವಿಯ ಹತ್ತಿರ ಯಾರೋ ಕೂಗುತ್ತಾರೆ: "ಕಮ್ಮಾರನ ಅಂಗಡಿ ಬಂತು ನೋಡ್ರೇ."

ಎಲ್ಲ ಕಣ್ಣೂ ತಂಡ ಬರುವವರೆಗೆ ಕಾಯುವುದಿಲ್ಲ. ಅದನ್ನು ಅವಳು ಪ್ರತಿ ಮನೆಯಲ್ಲೂ ಹೇಳುತ್ತಾಳೆ: "ಒಮ್ಮೆಗೇ ಮಬ್ಬಾದ್ರೆ, ಕೆಂಪಾಗಿ ನೋಯ್ತಾ ಬೆಳಕೇ ನೋಡೋಕಾಗ್ದಿದ್ರೆ, ತೆನೆ ಚುಚ್ಚಿದ್ರೆ, ಅವತ್ತೇ ಹೊರಡಿ. ನನ್ನನ್ನೂ ಕಾಯಬೇಡಿ."

ಮರುದಿನ ಆರೋಗ್ಯ ಕೇಂದ್ರದಲ್ಲಿ ಟಾರ್ಚು ಹಿಡಿದ ನರ್ಸ್ ಬಗ್ಗಿ ನೋಡಿ, "ಇವತ್ತೇ ಮಾಡೋಣ," ಎನ್ನುತ್ತಾರೆ. ತೆವಾಬೆಚ್ ಅಮ್ಮ ಪಟ್ಟಿ ಕಟ್ಟಿಸಿಕೊಂಡು, ಸೊಸೆಯ ಕೈ ಹಿಡಿದು, ದಾರಿಯುದ್ದಕ್ಕೂ ಅಸ್ನಾಕುವನ್ನು ಬೈಯುತ್ತಾ ಮನೆಗೆ ಬರುತ್ತಾರೆ. ಬಿಳುಪು ಹಾಗೇ ಉಳಿಯುತ್ತದೆ. "ಹೋದ ನೋಟ ತರೋಕಾಗಲ್ಲ," ಎನ್ನುತ್ತಾಳೆ ಅಸ್ನಾಕು, "ಇರೋದು ಉಳೀತು."

ಮಳೆ ಹಿಡಿದ ಮೇಲೆ ಒಂದು ದಿನ ತೆವಾಬೆಚ್ ಅಮ್ಮ ಅಸ್ನಾಕುವಿನ ಅಂಗಳಕ್ಕೆ ಕುಂಟುತ್ತಾ ಬರುತ್ತಾರೆ. ಬೆಳಕಿಗೆ ಮುಖ ಮಾಡಿಯೇ ಕಲ್ಲಿನ ಮೇಲೆ ಕೂರುತ್ತಾರೆ.

"ನನ್ನ ಚಿಮಟ ಕೊಡು."

"ಯಾಕೆ?"

ಅವರು ಹಿಮ್ಮಡಿ ಎತ್ತಿ ತೋರಿಸುತ್ತಾರೆ. ಜಾಲಿಮುಳ್ಳು. ಅಸ್ನಾಕು ಬಗ್ಗಿ ಅದನ್ನು ಕಿತ್ತು, ಚಿಮಟವನ್ನು ಅವರ ಕೊರಳಿಗೆ ಕಟ್ಟುತ್ತಾಳೆ. ತೆವಾಬೆಚ್ ಅಮ್ಮ ಅದನ್ನು ಮುಖದ ಹತ್ತಿರ ಹಿಡಿದು ನೋಡುತ್ತಾರೆ.

"ತುಕ್ಕು ಹಿಡಿಸಿದ್ದೀಯಲ್ಲೇ."

"ಹಿಡೀಲಿ ಅಮ್ಮ," ಎನ್ನುತ್ತಾಳೆ ಅಸ್ನಾಕು. "ಊರಿನ ಎಲ್ಲಾ ಚಿಮಟಕ್ಕೂ ಹಿಡೀಲಿ."