ಪಟ್ಟಿಯ ಮೊದಲ ಹೆಸರು

ಕಂಪ್ಯೂಟರ್ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಸ್ಕ್ರೂ ಎಂದೇ ಕರೆಯುತ್ತಿದ್ದರು. ಮೂವತ್ತೈದು ದಾಟಿದರೂ ಒಂದು ಕಡೆ ನೆಟ್ಟಗೆ ಕೂತವನಲ್ಲ. ಚಹಾ ಕುಡಿಯುವಾಗಲೂ ಮೊಣಕಾಲು ಕುಣಿಯುತ್ತಲೇ ಇರಬೇಕು. ಬಿಗಿ ಮಾಡುವವನಿಗೇ ಒಂದು ಸಡಿಲ ಎಂದು ಎದುರಂಗಡಿಯ ದರ್ಜಿ ತಮಾಷೆ ಮಾಡಿದರೆ ಅವನೂ ನಗುತ್ತಿದ್ದ. ಒಳಗೊಳಗೆ ಮಾತ್ರ ಉರಿ. ತನ್ನ ತಲೆಯಲ್ಲಿ ಏನಿದೆ ಎಂದು ಇವರಿಗೇನು ಗೊತ್ತು!

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗೆ ಒಂದು ಪ್ರೋಗ್ರಾಂ ಬರೆದ. ಅದು ಹೊಕ್ಕ ಕಂಪ್ಯೂಟರ್ ಅವನ ಮೊಬೈಲಿನ ಮಾತು ಕೇಳುತ್ತಿತ್ತು. ರಿಪೇರಿಗೆ ಬಂದದ್ದಕ್ಕೆಲ್ಲ ಹಾಕಿ ಕಳಿಸಿದ. ಏನನ್ನೂ ಕದಿಯಲಿಲ್ಲ, ನಿಜ. ಆದರೆ ಕೇಳದೆ ಕಂಡವರ ಮನೆಗೆ ನುಗ್ಗಿ ಕೂತವನನ್ನು ಸಾಧು ಎನ್ನಲಾದೀತೆ? ಮೊಬೈಲಿನಲ್ಲಿ ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಪಕ್ಕ ಹಸಿರು ಚುಕ್ಕೆ. ಹೆಸರುಗಳು ಐವತ್ತಾರು ಆದ ದಿನ ಸಂಭ್ರಮಕ್ಕೆ ಊಟವೇ ಸೇರಲಿಲ್ಲ. ಅಳಿಸಿದರೂ ಮತ್ತೆ ತಾನೇ ಹುಟ್ಟುವಂತೆ ಬರೆದದ್ದು ಅವನ ದೊಡ್ಡ ಹೆಮ್ಮೆ. ಒಳಹೊಕ್ಕಿದ್ದನ್ನು ಹೊರಗೆ ತರುವ ದಾರಿಯನ್ನು ಮಾತ್ರ ಪುಣ್ಯಾತ್ಮ ಬರೆದಿರಲೇ ಇಲ್ಲ.

ಐವತ್ತೇಳನೆಯದು ಅವನು ಹಾಕದೆಯೇ ಬಂತು. ಒಂದು ಬೆಳಿಗ್ಗೆ ನೋಡಿದರೆ ರಕ್ತ ಪರೀಕ್ಷೆಯ ಲ್ಯಾಬ್! ಅಲ್ಲಿ ವರದಿ ಟೈಪ್ ಮಾಡುವವಳು ಅವನ ಅಕ್ಕ. ಹಿಂದಿನ ಸಂಜೆ ಲ್ಯಾಬಿನ ಪೆನ್‌ಡ್ರೈವ್ ತಂದು ಅವನ ಅಂಗಡಿಯಲ್ಲಿ ಏನೋ ಪ್ರಿಂಟ್ ತೆಗೆದಿದ್ದಳು. ಪ್ರೋಗ್ರಾಂ ಅದರ ಬೆನ್ನೇರಿ ಹೋಗಿತ್ತು. ಅಷ್ಟರಲ್ಲೇ ಅವಳ ಫೋನ್. ಕಂಪ್ಯೂಟರ್ ಆಮೆಯಂತಾಗಿದೆ, ಜನ ವರದಿಗೆ ಕಾಯುತ್ತಿದ್ದಾರೆ, ಬೇಗ ಬಾ ಎಂದಳು.

ಹೋಗಿ ಅಳಿಸಿದ; ಹುಟ್ಟಿತು. ಮತ್ತೆ ಅಳಿಸಿದ, ಮತ್ತೆ ಹುಟ್ಟಿತು. ಬೆನ್ನ ಹಿಂದೆ ಲ್ಯಾಬಿನ ಒಡತಿ ಡಾಕ್ಟರಮ್ಮ ಅಕ್ಕನನ್ನು ವಿಚಾರಿಸುತ್ತಿದ್ದರು. ಪೆನ್‌ಡ್ರೈವ್ ಹೊರಗೆ ಒಯ್ಯಬಾರದೆಂದು ಎಷ್ಟು ಸಲ ಹೇಳಿದ್ದೆ ಎಂದರು. ಅಕ್ಕ ತಪ್ಪೊಪ್ಪಿಕೊಂಡಳು, ತಮ್ಮನ ಅಂಗಡಿಯ ಸುದ್ದಿ ಎತ್ತಲಿಲ್ಲ. ನಾಳೆಯಿಂದ ಬರಬೇಡಿ ಎಂದರು ಡಾಕ್ಟರಮ್ಮ. ಹನ್ನೊಂದು ವರ್ಷದ ಕೆಲಸ! ಸ್ಕ್ರೂ ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ.

"ತಪ್ಪು ಅಕ್ಕಂದಲ್ಲ ಮೇಡಂ. ಇದನ್ನ ಬರೆದೋನೇ ನಾನು."

ಡಾಕ್ಟರಮ್ಮ ನಂಬಲಿಲ್ಲ. ಅಕ್ಕನಿಗಾಗಿ ತಲೆ ಕೊಡುವ ತಮ್ಮ ಎಂದುಕೊಂಡರು. ಇವನಿಗೆಲ್ಲಿ ಅಷ್ಟು ಬುದ್ಧಿ, ಸುಮ್ಮನೆ ಹೇಳುತ್ತಾನೆ ಎಂದು ಅಕ್ಕನೂ ಸೇರಿಸಿದಳು. ಹಳೆಯ ಉರಿ, ನಾಚಿಕೆ ಎರಡೂ ಒಟ್ಟಿಗೇ ಏರಿದವು. ಮೊಬೈಲ್ ತೆಗೆದು ಒತ್ತಿದ. ಎದುರಿನ ಪರದೆ ತಲೆಕೆಳಗಾಯಿತು. ಮತ್ತೆ ಒತ್ತಿದ, ನೆಟ್ಟಗಾಯಿತು.

ಡಾಕ್ಟರಮ್ಮ ಪೊಲೀಸರಿಗೆ ಫೋನ್ ಮಾಡಲು ಎದ್ದರು. ಹೋಗುತ್ತ, ನೀವು ನಿಮ್ಮ ಕೆಲಸ ನೋಡಿ ಎಂದು ಅಕ್ಕನಿಗೆ ಹೇಳಿದರು. ಅಕ್ಕ ಕದಲಲಿಲ್ಲ. ಅವನ ಮೊಬೈಲಿನಲ್ಲಿದ್ದ ಪಟ್ಟಿಯನ್ನು ನೋಡುತ್ತಿದ್ದಳು. ಎಲ್ಲಕ್ಕಿಂತ ಮೇಲೆ, ಮೊಟ್ಟಮೊದಲು ಪರೀಕ್ಷೆಗೆಂದು ಹಾಕಿದ್ದ ಲ್ಯಾಪ್‌ಟಾಪಿನ ಹೆಸರು: ಅಕ್ಕ, ಮಲಗುವ ಕೋಣೆ.

"ಇದರಲ್ಲಿ ಕ್ಯಾಮೆರಾನೂ ಕಾಣುತ್ತಾ?"

"ಕಾಣುತ್ತೆ. ನಾನು ನೋಡಿಲ್ಲ ಅಕ್ಕಾ. ನಿನ್ನಾಣೆ ನೋಡಿಲ್ಲ."

ರಕ್ತ ತೆಗೆದ ಮೇಲೆ ತೋಳಿಗೆ ಅಂಟಿಸುವ ಪ್ಲಾಸ್ಟರಿನಿಂದ ಅವಳು ಒಂದು ಚಿಕ್ಕ ತುಂಡು ಕತ್ತರಿಸಿ, ಮನೆಯ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆಂದು ಪರ್ಸಿನಲ್ಲಿಟ್ಟುಕೊಂಡಳು. ಆಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.