ಹಿಂದೆ ಹಾಡುವವರು

ನಮ್ಮೂರು ಸತ್ತಿಯಲ್ಲಿದ್ದಾಗ ಸೋಮವಾರದ ಭಜನೆಗೆ ಹೆಂಗಸರೆಲ್ಲ ಕೂಡುತ್ತಿದ್ದೆವು. ಮುಂದೆ ಹಾಡುವವಳು ನಾನು. ಒಂದು ಸಾಲು ಹಾಡಿ ಬಿಟ್ಟರೆ ಹಿಂದಿನವರು ಅದನ್ನೇ ಎತ್ತಿಕೊಂಡು ಹಾಡುವರು. ನೌಕರಿಗೆಂದು ಅಥಣಿಗೆ ಬಂದ ಮೇಲೆ ಬಾಡಿಗೆ ಕೋಣೆಯಲ್ಲಿ ನನ್ನ ಹಾಡು ಕೇಳಲು ಫ್ಯಾನು ಮಾತ್ರ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಸದ್ದಾಗುತ್ತದೆಂದು ಅದನ್ನೂ ಆರಿಸುತ್ತಿದ್ದೆ.

ಹಾಡುಗಾರರ ಒಂದು ಆನ್‌ಲೈನ್ ಗುಂಪಿನಲ್ಲಿ ಪುಣೆಯ ತಬಲಾದವನೊಬ್ಬ ಪರಿಚಯವಾದ. ಮುಖ ನೋಡಿದ್ದಿಲ್ಲ, ಮರಾಠಿಯಲ್ಲಿ ಮೆಸೇಜು ಬರೆಯುತ್ತಿದ್ದ. ನಾನು ಕಟ್ಟಿದ ಒಂದು ಪದವನ್ನು ಹಾಡಿ ಕಳಿಸುವುದು, ಅವನು ತಬಲಾ ಕೂಡಿಸುವುದು ಎಂದಾಯಿತು.

ಕಳಿಸಿದ ಮೇಲೆ ಅವನ ಮೊದಲ ಪ್ರಶ್ನೆ: ಸಾಲು ಸಾಲಿಗೂ ಸುಮ್ಮನಾಗುತ್ತೀರಲ್ಲ, ಮರೆತುಹೋಗುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು. ನಾನೇ ಕಟ್ಟಿದ ಪದ ನಾನು ಮರೆಯುವುದೇ? ರೆಕಾರ್ಡನ್ನು ತಿರುಗಿ ಹಚ್ಚಿ ಕೇಳಿದೆ. ಹೌದು, ಪ್ರತಿ ಸಾಲಾದ ಮೇಲೆ ಇನ್ನೊಂದು ಸಾಲಿನಷ್ಟು ಜಾಗ ಖಾಲಿ. ಹಿಂದಿನವರಿಗೆಂದು ಬಿಟ್ಟಿದ್ದೆ, ಬಿಟ್ಟದ್ದು ನನಗೇ ಗೊತ್ತಿರಲಿಲ್ಲ. ಕೂತಲ್ಲೇ ಅಳು ಬಂತು.

ಆ ಪುಣ್ಯಾತ್ಮ ಖಾಲಿ ಜಾಗವನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿ ಕಳಿಸಿದ. ಹಾಡು ಬಸ್ಸು ಹಿಡಿಯಲು ಓಡುವವರ ಹಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಬಹಳ ದಿನ ಜಗ್ಗಾಡಿದೆವು. ಆ ಖಾಲಿ ಜಾಗದಲ್ಲಿ ಮಂದಿ ಹಾಡುತ್ತಾರೆ ಎಂದು ನಾನು ಬರೆದೆ. ಹಾಗಾದರೆ ಮಂದಿಯ ದನಿ ಕಳಿಸಿ ಎಂದ. ಊರಿಗೆ ಫೋನು ಮಾಡಿದೆ. ನೀನು ಹೋದ ಮೇಲೆ ಭಜನೆ ನಿಂತೇ ಹೋಗಿದೆ ಎಂದರು.

ಕಡೆಗೆ ಅವನೇ ಉಪಾಯ ಹೇಳಿಕೊಟ್ಟ. ಹಿಂದಿನವರ ಸಾಲನ್ನು ನಾನೇ ಹಲವು ಸಲ ಹಾಡಿದೆ. ಒಮ್ಮೆ ದನಿ ದಪ್ಪ ಮಾಡಿ, ಒಮ್ಮೆ ಮೂಗಿನಿಂದ, ಒಮ್ಮೆ ಗೋಡೆಗೆ ಮುಖ ಮಾಡಿ. ಅವನು ಎಲ್ಲವನ್ನೂ ಕೂಡಿಸಿ ಕಳಿಸಿದ. ಕೇಳಿದರೆ ಕೋಣೆ ತುಂಬ ಹೆಂಗಸರು. ಖುಷಿಯಾಯಿತು. ಮುಗಿದ ಮೇಲೆ ಮೊದಲಿಗಿಂತ ಹೆಚ್ಚು ಬೇಸರವಾಯಿತು.

ತಡೆಯಲಾರದೆ ಕೆಳಗಿನ ಮನೆಯ ಮಾಲಕಿಗೆ ಹಾಡು ಹಚ್ಚಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹಿಂದ ಹಾಡಾವ್ರು ನಿಮ್ಮ ಮಂದಿ ಏನ ತಂಗಿ?"

"ಹೌದ್ರಿ" ಎಂದುಬಿಟ್ಟೆ.

"ಭಾಳ ಚೊಲೋ ಹಾಡ್ಯಾರ. ಐತವಾರ ಎಲ್ಲಾರ್ನೂ ಊಟಕ್ಕ ಕರಿ, ಹೋಳಗಿ ಮಾಡ್ತೀನಿ. ಎಷ್ಟ ಮಂದಿ ಅದಾರ?"



"ನಾ ಒಬ್ಬಾಕಿನ ಬರ್ತೀನ್ರಿ, ಅಕ್ಕಾರ" ಎಂದೆ.