ಮೇಷ್ಟ್ರ ಮೂರನೇ ಕೈ

ಗೆಳೆಯರೇ, ಇವತ್ತು ಕೊಳ್ಳೇಗಾಲದಲ್ಲಿ ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ನಾನೇ ರೆಫರಿ. ಟೈಮ್‌ಕೀಪರ್ ಸಿದ್ದಪ್ಪ ಮೇಷ್ಟ್ರಿಗೆ ಆಟಕ್ಕೆ ಮುಂಚೆಯೇ ಹೇಳಿದ್ದೆ: "ನಾನು ವಿಷಲ್ ಊದಿ ಕೈ ಎತ್ತಿದರೆ ವಾಚು ನಿಲ್ಲಿಸಬೇಕು ಸಾ."

ಮಾಂಬಳ್ಳಿ ತಂಡ ಒಂದೇ ಪಾಯಿಂಟ್ ಹಿಂದಿತ್ತು. ಮೇಷ್ಟ್ರು "ಇನ್ನೊಂದೇ ನಿಮಿಷ" ಎಂದು ಕೂಗಿದರು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಹಿಂಬಾಲಕರೊಂದಿಗೆ ಅಂಕಣದ ನಡುವೆಯೇ ವೇದಿಕೆಯತ್ತ ನಡೆದು ಬಂದರು. ನಾನು ವಿಷಲ್ ಊದಿ ಕೈ ಎತ್ತಿದೆ. ಎಲ್ಲರೂ ಗೌರವದಿಂದ ಎದ್ದರು. ವಾಚು ಮಾತ್ರ ಓಡುತ್ತಲೇ ಇತ್ತು. ಅತಿಥಿಗಳು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮೇಷ್ಟ್ರು ಗಂಟೆ ಬಾರಿಸಿಬಿಟ್ಟರು. ಆಟ ಮುಗಿಯಿತಂತೆ!

"ವಾಚು ಯಾಕೆ ನಿಲ್ಲಿಸಲಿಲ್ಲ ಸಾ?" ಎಂದೆ.

"ದೊಡ್ಡೋರು ಬಂದ್ರು, ಎರಡು ಕೈಲೂ ಮುಗೀತಿದ್ದೆ ಕಣಪ್ಪ. ಅದ್ನ ಒತ್ತಕ್ಕೆ ಮೂರನೇ ಕೈ ಎಲ್ಲಿಂದ ತರ್ಲಿ?"

ಮಾಂಬಳ್ಳಿಯ ನಾಯಕಿ ಮಂಜುಳಾ ಬಿಡಲಿಲ್ಲ. "ಅವ್ರು ನಡ್ಕಂಡ್ ಬಂದಿದ್ದು ನಮ್ ನಿಮಿಷದಲ್ಲಿ ಸಾ. ವಾಪಸ್ ಕೊಡ್ಸಿ."

ಯಾರದೋ ಗೌರವಕ್ಕೆ ಮಕ್ಕಳ ಸಮಯವನ್ನು ಕಾಣಿಕೆ ಕೊಡಲು ನಾವು ಯಾರು? ಅದನ್ನೇ ಗಟ್ಟಿಯಾಗಿ ಕೇಳಿದೆ. ಕೊನೆಗೆ ಅತಿಥಿಗಳೇ ನಕ್ಕು, "ಕೊಟ್ಬುಡ್ರಪ್ಪ, ನಾನೇನು ಜೇಬಲ್ಲಿ ಇಟ್ಕಂಡು ಓಯ್ತೀನಾ?" ಎಂದರು.

ನಿಮಿಷ ವಾಪಸ್ ಬಂತು. ಮಂಜುಳಾ ಎಸೆದ ಕೊನೆಯ ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು. "ಈಗ ನಾವೇ ಆಡಿ ಸೋತ್ವಿ ಸಾ, ಬೇಜಾರಿಲ್ಲ" ಎಂದು ಬೆವರು ಒರೆಸಿಕೊಂಡು ನಕ್ಕಳು.

ಮುಂದಿನ ಪಂದ್ಯದ ನಡುವೆ ಇನ್ನೊಬ್ಬ ಗಣ್ಯರು ಬಂದರು. ಮೇಷ್ಟ್ರು ಎದ್ದು ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರು. ಇನ್ನೊಂದು ಕೈಯ ಹೆಬ್ಬೆರಳು ವಾಚಿನ ಮೇಲಿತ್ತು.

ಕ್ರಾಂತಿ ಸದ್ಯಕ್ಕೆ ಒಂದು ಕೈಯಷ್ಟು ಆಗಿದೆ.